ಪಾಂಡುವಿನ ಹೊಟ್ಟೆಯ ಉಂಗುರಗಳು

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುತ್ತದೆ. ಅದರ ಹಿಡಿ ಮುರಿದು ಎಷ್ಟೋ ಕಾಲವಾಯಿತು. ಹಳೇ ಟೂತ್‌ಬ್ರಷ್ಷಿನ ದಂಟು ಕಟ್ಟಿಕೊಂಡಿದ್ದೇನೆ. ನೋಡಿದವರು ನಗುತ್ತಾರೆ. ನಗಲಿ. ಈಚೆಗೆ ಅವರಿಗೆ ನಗಲು ಇನ್ನೊಂದು ಕಾರಣವನ್ನೂ ನಾನೇ ಒದಗಿಸಿದ್ದೇನೆ. ಯಾರ ಮನೆಗೆ ಹೋದರೂ ಕಾಫಿ ಬರುವ ಮುಂಚೆ ಆ ಮನೆಯ ನಾಯಿಯನ್ನು ಅಂಗಾತ ಮಲಗಿಸಿ ಅದರ ಹೊಟ್ಟೆ ನೋಡುವುದು ನನಗೊಂದು ಚಟವಾಗಿದೆ.

ಮೊನ್ನೆ ಹೊಸನಗರದಲ್ಲಿ ಚಿಕ್ಕಮ್ಮನ ಮಗಳು ಶಾರದೆಯ ಮನೆಗೆ ಹೋಗಿದ್ದೆ. ವರ್ಷದ ಮೇಲೆ ಹೋದವಳು, ಚಪ್ಪಲಿ ಬಿಟ್ಟವಳೇ ಜಗಲಿಯಲ್ಲಿ ಮಂಡಿಯೂರಿ ಅವಳ ನಾಯಿಯ ತೊಡೆಸಂದಿ ಪರೀಕ್ಷೆ ಮಾಡುತ್ತಾ ಕೂತೆ. ಶಾರದೆ ಲೋಟ ಹಿಡಿದು ನಿಂತು ನಿಂತು ಸಾಕಾಗಿ, "ಅಕ್ಕಾ, ಮನುಷ್ಯರನ್ನೂ ಒಂಚೂರು ಮಾತಾಡ್ಸು ಮಾರಾಯ್ತಿ" ಅಂದಳು. ಕೂತದ್ದು ಸುಲಭವಾಗಿತ್ತು. ಏಳಿಸಲಿಕ್ಕೆ ಮೂರು ಜನ ಬೇಕಾಯಿತು. ನಾಯಿ ಮಾತ್ರ ಬಹಳ ಸಂತೋಷದಲ್ಲಿತ್ತು.

ಈ ಚಟ ಎಲ್ಲಿಂದ ಅಂಟಿತು ಎಂದು ಹೇಳಬೇಕಾದರೆ ನನ್ನ ಇನ್ನೊಂದು ಚಟದಿಂದ ಶುರುಮಾಡಬೇಕು.

ಸಾಗರದಲ್ಲಿ ನಾನಿರುವ ಬೀದಿಗೆ ನಾನೇ ಇಂಗ್ಲಿಷು. ಮೂವತ್ತು ವರ್ಷ ಅಡಿಕೆ ಮಂಡಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ಅದಕ್ಕೂ ಮುಂಚೆ ಮಂಗಳೂರಿನ ಕಡೆ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿದವಳು. ಹಾಗಾಗಿ ಮಾತ್ರೆಯ ಸ್ಟ್ರಿಪ್ಪು, ಮಿಕ್ಸಿಯ ವಾರಂಟಿ ಕಾರ್ಡು, ಹಲ್ಲಿನ ಡಾಕ್ಟರ ಚೀಟಿ ಎಲ್ಲವೂ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬರುತ್ತವೆ. ಈಗೆಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದೇ ಓದಿ ಹೇಳುತ್ತದಂತೆ. ಆದರೂ ಬರುತ್ತಾರೆ. "ಅದು ಹೇಳ್ತದೆ, ಆದ್ರೆ ಹೌದೋ ಅಲ್ವೋ ಅಂತ ನೀವು ಹೇಳ್ಬೇಕಲ್ಲ" ಎನ್ನುತ್ತಾರೆ. ನಾನು ಭೂತಗನ್ನಡಿ ತೆಗೆದು, ಗಂಭೀರವಾಗಿ ಮೂಗಿನ ಹತ್ತಿರ ಹಿಡಿದು, ಏನಾದರೊಂದು ಹೇಳಿ ಕಳಿಸುತ್ತೇನೆ.

ಏನಾದರೊಂದು ಹೇಳುವ ಈ ವಿದ್ಯೆಯೂ ಕಾನ್ವೆಂಟಿನದೇ. ನಮ್ಮ ಸಿಸ್ಟರ್ ಒಬ್ಬರಿದ್ದರು, ಕ್ರೋಶಾ ಕಲಿಸುತ್ತಿದ್ದವರು, ಲೇಸಿನ ಕಾಲರುಗಳನ್ನು ಹಾಲಿನ ಕೆನೆಯಂತೆ ಹೆಣೆಯುತ್ತಿದ್ದವರು. ಅವರಿಗೆ ಕ್ಲಾಸಿನಲ್ಲಿ ಯಾರಾದರೂ "ಐ ಡೋಂಟ್ ನೋ, ಸಿಸ್ಟರ್" ಅಂದರೆ ಆಗುತ್ತಿರಲಿಲ್ಲ. "ಥಿಂಕ್, ಚೈಲ್ಡ್! ಸೇ ಸಮ್‌ಥಿಂಗ್!" ಅನ್ನುತ್ತಿದ್ದರು. ಹೇಳದವರು ವರಾಂಡದಲ್ಲಿ ನಿಲ್ಲಬೇಕು. ತಪ್ಪು ಹೇಳಿದವರು ನಿಲ್ಲಬೇಕಾಗಿರಲಿಲ್ಲ. ಅವರ ಉದ್ದೇಶ ಒಳ್ಳೆಯದೇ ಇತ್ತು, ಮಕ್ಕಳು ಯೋಚಿಸಲಿ ಅಂತ. ನಾನು ಕಲಿತದ್ದು ಬೇರೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ದನಿಯಲ್ಲಿ ಹೇಳುವುದನ್ನು ಕಲಿತೆ. ಕ್ರೋಶಾ ಮರೆತುಹೋಯಿತು, ಇದು ಮರೆಯಲಿಲ್ಲ.

ಇನ್ನು ಪಾಂಡು. ನಮ್ಮ ಕೆಳಗಿನ ಮನೆಯ ಮಂಜಪ್ಪನ ನಾಯಿ. ಸುಣ್ಣ ಮಾಸಿದ ಗೋಡೆಯ ಬಣ್ಣ, ಮಡಚಿದ ಒಂದು ಕಿವಿ, ಎಲ್ಲರನ್ನೂ ನೆಂಟರೆಂದೇ ತಿಳಿದಿರುವ ಸ್ವಭಾವ. ಮಂಜಪ್ಪ ನಲವತ್ತು ವರ್ಷ ಅಡಿಕೆ ಮರ ಹತ್ತಿ ಔಷಧಿ ಹೊಡೆದವನು. ಈಗ ಮೊಣಕಾಲು ಹೋಗಿದೆ. ಹೆಂಡತಿ ಸೀತಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮನೆ ಬಾಗಿಲಲ್ಲೇ ಮಾರುತ್ತಾಳೆ. ಸಂಸಾರ ನಡೆಯುವುದು ಆ ಭರಣಿಗಳ ಮೇಲೆ.

ಹೋದ ಮಳೆಗಾಲದ ಕೊನೆಗೆ ಒಂದು ಬೆಳಗ್ಗೆ ಮಂಜಪ್ಪ ಕೆಳಗಿನಿಂದಲೇ ಕೂಗಿದ.

"ಅಮ್ಮಾ, ನಿಮ್ಮ ಕನ್ನಡಿ ತಗಂಡು ಒಂಚೂರು ಬಂದ್ರಾ? ಪಾಂಡು ಮೈಮೇಲೆ ಎಂತದೋ ಎದ್ದಿದೆ."

ಹೋದೆ. ಪಾಂಡು ನನ್ನನ್ನು ಕಂಡು ತಾನಾಗಿಯೇ ಅಂಗಾತ ಬಿದ್ದ. ಕೂದಲು ಕಮ್ಮಿಯಿರುವ ಹೊಟ್ಟೆಯ ಮೇಲೆ, ತೊಡೆಯ ಒಳಬದಿಯಲ್ಲಿ ಉಂಗುರಗಳು. ಹಳೇ ಎಂಟಾಣೆಯಷ್ಟು ಅಗಲ, ನಡುವೆ ಸ್ವಲ್ಪ ಕಪ್ಪು, ಸುತ್ತ ಕೆಂಪು, ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳುವಾದ ಚರ್ಮ ಸುಲಿದು ನಿಂತಿದೆ. ಬೆನ್ನಿನ ಮೇಲಂತೂ ಕೂದಲು ಅಲ್ಲಲ್ಲಿ ಉದುರಿ, ನುಸಿ ತಿಂದ ಉಣ್ಣೆ ಶಾಲಿನ ಹಾಗೆ. ಉಂಗುರಗಳ ಪಕ್ಕದಲ್ಲಿ ಸಣ್ಣ ಸಣ್ಣ ಗುಳ್ಳೆಗಳೂ ಇದ್ದವು, ತುದಿಯಲ್ಲಿ ಹಳದಿ ಕೀವು. ಅವೂ ನನಗೆ ಕಂಡವು. ಕನ್ನಡಿ ಹಿಡಿದು ನೋಡಿದೆನಲ್ಲ, ಕಾಣದೆ ಏನು? ಆದರೆ ಅಷ್ಟು ಚೆಂದದ ಉಂಗುರ ಕಂಡಮೇಲೆ ಗುಳ್ಳೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಸೀತಕ್ಕ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದಳು. "ಎಂತದು ಅಂತ ಬಾಯಿ ಬಿಟ್ಟು ಹೇಳಿ ಅಮ್ಮ. ನಿನ್ನೆ ಒಬ್ಬರು ಕಾರಿಂದ ಇಳಿದು ಬಂದು, ಮುಚ್ಚಳ ತೆಗೆದು ಮೂಸಿ, ಆಹಾ ಅಂದ್ರು. ಆಮೇಲೆ ಇವನು ಕೆರ್ಕಳದು ನೋಡಿ ಮುಚ್ಚಳ ಹಾಕಿ ಹೋದ್ರು. ಉಪ್ಪಿನಕಾಯಿ ಮನೆ ಬಾಗ್ಲಲ್ಲಿ ಕಜ್ಜಿ ನಾಯಿ ಮಲಗಿದ್ರೆ ಯಾರು ತಗಳ್ತಾರೆ?"

ಇಬ್ಬರೂ ನನ್ನ ಮುಖ ನೋಡಿದರು. ವರಾಂಡದಲ್ಲಿ ನಿಲ್ಲುವ ಹುಡುಗಿ ನಾನಲ್ಲ.

"ರಿಂಗ್‌ವರ್ಮ್," ಅಂದೆ. "ಫಂಗಸ್. ಅಂಟುತ್ತೆ."

ಮೂರೇ ಮಾತು. ಅದರಲ್ಲಿ ನಡುವಿನದನ್ನು ಗಂಡ ಎತ್ತಿಕೊಂಡ, ಕೊನೆಯದನ್ನು ಹೆಂಡತಿ ಎತ್ತಿಕೊಂಡಳು.

ಮಂಜಪ್ಪನ ಮುಖ ಅರಳಿತು. "ಫಂಗಸ್ಸಾ? ಅಯ್ಯೋ, ಅಷ್ಟೇನಾ! ಫಂಗಸ್ ಅಂದ್ರೆ ನಮ್ಮ ಅಡಿಕೆಗೆ ಬರ್ತದಲ್ಲ, ಕೊಳೆ, ಅದೇ ತಾನೆ? ನಲವತ್ತು ವರ್ಷ ಮರದ ತುದೀಲಿ ಕೂತು ನಾ ಹೊಡ್ದಿದ್ದು ಮತ್ತೆಂತಕ್ಕೆ? ಮೈಲುತುತ್ತ ಮನೇಲೇ ಇದೆ."

"ಅಂಟತ್ತೆ ಅಂದ್ರು, ಕೇಳಿಸ್ತಾ?" ಸೀತಕ್ಕ ಸೌಟನ್ನು ಅವನ ಕಡೆ ತಿರುಗಿಸಿದಳು. "ಔಷಧಿ ಗಿವಷಧಿ ಬ್ಯಾಡ. ಹೊಳೆ ದಾಟಿಸಿ ಬಿಟ್ಟು ಬನ್ನಿ."

"ಯಾವ ಹೊಳೆ ದಾಟಿಸ್ತೀಯೆ? ಹೊಳೆಬಾಗಿಲಲ್ಲಿ ಲಾಂಚಿನ ಕಾಲ ಮುಗೀತು, ಸೇತುವೆ ಆಗಿದೆ. ನಾನು ಬಸ್ಸಿಗೆ ಕಾಯೋದ್ರೊಳಗೆ ಇವ್ನು ಮನೆಗೆ ಬಂದು ಮಲ್ಗಿರ್ತಾನೆ."

"ಹಂಗಾದ್ರೆ ಸೇತುವೆ ಇಲ್ಲದ ಹೊಳೆ ಹುಡ್ಕಿ."

ನಾನು ಕನ್ನಡಿಯನ್ನು ಸೆರಗಿನಲ್ಲಿ ಒರೆಸಿಕೊಂಡು, ಕರ್ತವ್ಯ ಮುಗಿಸಿದವಳ ಹಾಗೆ ಮೇಲೆ ಬಂದು ಚಹಾಕ್ಕಿಟ್ಟೆ.

ಚಹಾ ಸೋಸುವಾಗ ಕಿಟಕಿಯಿಂದ ಕೆಳಗೆ ನೋಡಿದೆ. ಮಂಜಪ್ಪ ಅಂಗಳದಲ್ಲಿ ಎರಡು ಬಕೆಟ್ ಇಟ್ಟುಕೊಂಡು ಕೂತಿದ್ದ. ಒಂದರಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ಮೈಲುತುತ್ತ ಕರಗಿಸಿದ ನೀರು. ಎರಡನ್ನೂ ಕೂಡಿಸಿ ಕೋಲಿನಿಂದ ತಿರುವಿದ. ಆ ನೀಲಿಯನ್ನು ನೀವು ನೋಡಿದ್ದರೆ ಮರೆಯುವುದಿಲ್ಲ, ನವಿಲಿನ ಕುತ್ತಿಗೆಗೆ ಹಾಲು ಸುರಿದಂಥ ನೀಲಿ. ತಿರುವಿ, ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದಿ ಹಿಡಿದ. ಇದು ಔಷಧಿ ಹೊಡೆಯುವವರ ಪದ್ಧತಿ. ಕತ್ತಿಯ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ, ಹಾಗೇ ಹೊಡೆದರೆ ಕಾಯಿ ಸುಟ್ಟುಹೋಗುತ್ತದೆ. ಕತ್ತಿ ಬೆಳ್ಳಗಿದ್ದರೆ ಮಾತ್ರ ಮರ ಹತ್ತುತ್ತಾರೆ. ಮಂಜಪ್ಪ ಅಲಗನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ, ಇನ್ನೊಂದು ಚೂರು ಸುಣ್ಣ ಹಾಕಿದ, ಮತ್ತೆ ಅದ್ದಿದ.

ಮರಕ್ಕೆ ಹೊಡೆಯುವ ನೀರಿಗೆ ಇಷ್ಟು ಸಲ ಕತ್ತಿ ಅದ್ದಿ ನೋಡುವ ಮನುಷ್ಯ ನನ್ನ ಮಾತಿಗೆ ಒಂದು ಸಲವೂ ಅದ್ದಿ ನೋಡಲಿಲ್ಲವಲ್ಲ ಎಂದು ಹೊಳೆಯಿತು. ಪಕ್ಕದಲ್ಲಿ ಪಾಂಡು, ತನಗೇನೋ ತಿಂಡಿ ಕಲಸುತ್ತಿದ್ದಾರೆಂದು ಬಾಲ ಆಡಿಸುತ್ತಿದ್ದ. ಸೀತಕ್ಕನ "ಹೊಳೆ ದಾಟಿಸಿ" ಎಂಬ ಮಾತು ಆಗ ನನ್ನ ಕಿವಿಗೆ ಬಿತ್ತು. ಅವಳು ಹೇಳಿ ಕಾಲು ಗಂಟೆಯಾಗಿತ್ತು. ನನಗೆ ಕೇಳಿಸಿದ್ದು ಆಗ.

ನಾನು ಸಣ್ಣವಳಿದ್ದಾಗ ತೀರ್ಥಹಳ್ಳಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬಟ್ಟೆ ಅಳೆಯುವ ಮೇಜಿನ ಕೆಳಗೆ ಒಂದು ನಾಯಿ ಮಲಗುತ್ತಿತ್ತು. ಒಂದು ಕಿವಿ ಕಂದು, ಉಳಿದದ್ದೆಲ್ಲ ಗಂಜಿ ಹಾಕದ ಬಿಳಿ ಪಾಪ್ಲಿನ್ ಬಟ್ಟೆಯ ಬಣ್ಣ. ಪಾಪ್ಲಿನ್ ಎಂದೇ ನಾನು ಹೆಸರಿಟ್ಟಿದ್ದೆ, ಮನೆಯವರ ಬಾಯಲ್ಲಿ ಅದು ಪಾಪ್ಲಿ ಆಯಿತು. ಅಪ್ಪ ಬಟ್ಟೆಯ ಥಾನು ಬಿಚ್ಚುವಾಗ ಬರುವ ಪಟಪಟ ಸದ್ದಿಗೆ ಅದು ಕಿವಿ ಎತ್ತುತ್ತಿತ್ತು. ಬಟ್ಟೆ ಹರಿಯುವ ಸದ್ದಿಗೆ ಮಾತ್ರ ಎದ್ದು ಹೊರಗೆ ಹೋಗುತ್ತಿತ್ತು, ಯಾಕೋ ತಿಳಿಯದು.

ನಾನು ಹನ್ನೊಂದು ವರ್ಷದವಳು, ರಜಕ್ಕೆ ಬಂದಿದ್ದೆ. ತಮ್ಮ ಹುಟ್ಟಿ ತಿಂಗಳಾಗಿತ್ತು. ಪಾಪ್ಲಿಯ ಹೊಟ್ಟೆಯ ಮೇಲೆ ಉಂಗುರಗಳು ಎದ್ದಿದ್ದವು. ಅಮ್ಮ, ಮಗು ಇರುವ ಮನೆ ಎಂದಳು. ಅಪ್ಪ ಅಂಗಡಿ ತುಂಬ ಗಿರಾಕಿ ಇದ್ದಾಗ ನನ್ನನ್ನು ಕರೆದು, "ಪುಟ್ಟೀ, ನಿನ್ನ ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಏನಂತ ಬರ್ದಿದ್ದಾರೆ ನೋಡು" ಅಂದರು. ಎಲ್ಲರಿಗೂ ಕೇಳಿಸುವ ಹಾಗೆ ಅಂದರು. ಮಗಳನ್ನು ಕಾನ್ವೆಂಟಿಗೆ ಕಳಿಸಿದ್ದು ಸಾರ್ಥಕವಾಗುವ ಗಳಿಗೆ ಅದು.

ನನ್ನ ಹೈಜಿನ್ ಪುಸ್ತಕದಲ್ಲಿ ಒಬ್ಬ ಹುಡುಗನ ತಲೆಯ ಚಿತ್ರವಿತ್ತು. ತಲೆಯ ಮೇಲೊಂದು ಉಂಗುರ. ನಾಯಿಯ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಪುಸ್ತಕ ತಂದು, ಎದೆಗೆ ಹಿಡಿದು ನಿಂತು ಹೇಳಿದೆ. "ರಿಂಗ್‌ವರ್ಮ್. ಇಟ್ ಈಸ್ ಕಂಟೇಜಿಯಸ್. ಅಂದ್ರೆ ಅಂಟು ರೋಗ." ಸೀರೆಯ ಸೆರಗು ನೋಡುತ್ತಿದ್ದ ಒಬ್ಬರು ಸೆರಗು ಬಿಟ್ಟು ಹಿಂದೆ ಸರಿದರು. ಅಪ್ಪನ ಮುಖದಲ್ಲಿದ್ದ ಹೆಮ್ಮೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ನನಗೂ ಖುಷಿಯೇ. ಕಂಟೇಜಿಯಸ್ ಪದದ ಸ್ಪೆಲಿಂಗನ್ನು ತಪ್ಪಿಲ್ಲದೆ ಬರೆಯಬಲ್ಲೆ ಎಂದು.

ತುಂಗೆಗೆ ಆಗಲೇ ಸೇತುವೆ ಇತ್ತು. ಸೇತುವೆ ಇರುವ ಹೊಳೆ ನಾಯಿಗೆ ಹೊಳೆಯೇ ಅಲ್ಲ, ವಾಪಸ್ಸು ಬರುತ್ತದೆ. ಹಾಗಾಗಿ ಅಡಿಕೆ ಲಾರಿಯೊಂದರಲ್ಲಿ ಹತ್ತಿಸಿ, ಹೊಸನಗರದ ಆಚೆ ಸೇತುವೆ ಇಲ್ಲದ ಕಡೆ ದೋಣಿಯಲ್ಲಿ ಶರಾವತಿ ದಾಟಿಸಿ ಬಿಡುವುದೆಂದಾಯಿತು. ಪಾಪ್ಲಿಗೆ ಗಾಡಿ ಎಂದರೆ ಬಹಳ ಆಸೆ. ಯಾರೂ ಎತ್ತಬೇಕಾಗಲಿಲ್ಲ, ತಾನೇ ಚೀಲಗಳ ಮೇಲೆ ಹಾರಿ ಕೂತಿತು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಆ ಕಂದು ಕಿವಿ ನೆಟ್ಟಗೆ ನಿಂತಿತ್ತು.

ಆಮೇಲೆ ಎಷ್ಟೋ ಸಲ ಅದೇ ಶರಾವತಿ ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಾ ನಿಂತಿದ್ದೇನೆ. ಎಲ್ಲರೂ ನೀರು ನೋಡುವಾಗ ನಾನು ದಡದ ನಾಯಿಗಳ ಕಿವಿ ನೋಡುತ್ತಿದ್ದೆ. ಅರವತ್ತು ವರ್ಷದ ಹಿಂದಿನ ನಾಯಿಯನ್ನು ಹುಡುಕುವವರುಂಟೇ? ಮೊಮ್ಮಗನೋ ಮರಿಮಗಳೋ ಇರಬಹುದಲ್ಲ ಅಂತ ನೋಡುತ್ತಿದ್ದೆ. ಮನೆಯವರು ಕೇಳಿದರೆ, ಬಿಸಿಲು ಕಣ್ಣಿಗೆ ಹೊಡೆಯುತ್ತೆ, ತಲೆ ತಗ್ಗಿಸಿದೀನಿ, ಎಂದು ಹೇಳುತ್ತಿದ್ದೆ.

ಚಹಾ ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ಮಂಜಪ್ಪ ಬಟ್ಟೆಯ ಚೂರನ್ನು ನೀಲಿಯಲ್ಲಿ ಅದ್ದುತ್ತಿದ್ದ.

"ಮಂಜಪ್ಪಾ, ನಿಲ್ಲು. ನಂಗೆ ಗೊತ್ತಿಲ್ಲ."

"ಎಂತ ಗೊತ್ತಿಲ್ಲ?"

"ಅದು ಏನು ಅಂತ. ಸುಮ್ನೆ ಹೇಳ್ದೆ."

ಸೀತಕ್ಕ ಒಳಗಿಂದ ಬಂದಳು. "ಆಗ ಗೊತ್ತಿತ್ತಲ್ಲ ಅಮ್ಮ?"

"ಆಗಲೂ ಗೊತ್ತಿರ್ಲಿಲ್ಲ."

ನೀವು ನಂಬುತ್ತೀರೋ ಇಲ್ಲವೋ, ಎಪ್ಪತ್ಮೂರು ವರ್ಷಕ್ಕೆ ಮೊದಲನೇ ಸಲ ವರಾಂಡದಲ್ಲಿ ನಿಂತ ಹಾಗಾಯಿತು. ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಆಟೋಕ್ಕೆ ನಾನು ಹೇಳುತ್ತೇನೆ ಎಂದೆ. ಸೀತಕ್ಕ ಒಂದು ಕರಾರು ಹಾಕಿದಳು. "ಡಾಕ್ಟ್ರೂ ಅಂಟತ್ತೆ ಅಂದ್ರೆ ಇವ್ನು ಈ ಬಾಗ್ಲಿಗೆ ವಾಪಸ್ ಬರಂಗಿಲ್ಲ. ಆಮೇಲೆ ನೀವು ಇನ್ನೊಂದ್ಸಲ ಮಾತು ಬದಲಾಯ್ಸಂಗೂ ಇಲ್ಲ." ಒಪ್ಪಿದೆ. ಒಪ್ಪದೆ ಬೇರೆ ದಾರಿ ಏನಿತ್ತು?

ಪಶು ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಪಾಂಡುವನ್ನು ಮಲಗಿಸಿ ಕಂಕುಳು, ತೊಡೆಸಂದಿ, ಕಾಲ್ಬೆರಳ ಸಂದಿ ಎಲ್ಲಾ ಬಿಡಿಸಿ ನೋಡಿದಳು. ನೋಡಿ ಏನೂ ಹೇಳಲಿಲ್ಲ! ನನಗೆ ಅದೇ ಆಶ್ಚರ್ಯ. ಇಷ್ಟು ಓದಿದವಳು, ಇಬ್ಬರು ಬಾಯಿ ನೋಡುತ್ತಾ ನಿಂತಿದ್ದಾರೆ, ಆದರೂ ಸುಮ್ಮನಿದ್ದಾಳೆ. ಒಂದು ಗುಳ್ಳೆಯನ್ನು ಸೂಜಿಯಿಂದ ಮೆಲ್ಲಗೆ ಒಡೆದು ಗಾಜಿನ ಪಟ್ಟಿಯನ್ನು ಅದರ ಮೇಲೆ ಒತ್ತಿದಳು. ಉಂಗುರದ ಅಂಚಿಗೂ ಇನ್ನೊಂದು ಪಟ್ಟಿ ಒತ್ತಿದಳು. ನಾಲ್ಕು ಕೂದಲು ಕಿತ್ತು ಬೇರೆ ಇಟ್ಟಳು. ಪಟ್ಟಿಗಳನ್ನು ನೇರಳೆ ಬಣ್ಣದಲ್ಲಿ ಅದ್ದಿ, ತೊಳೆದು, ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

ಮಂಜಪ್ಪ ನನ್ನ ಕಿವಿಯಲ್ಲಿ, "ಹಾಂ! ಕತ್ತಿ ಅದ್ದಿ ನೋಡ್ತಾರೆ ನೋಡಿ," ಅಂದ. ಅವನ ದನಿಯಲ್ಲಿ ಮೊದಲ ಸಲ ಡಾಕ್ಟರ ಬಗ್ಗೆ ಗೌರವ ಕೇಳಿಸಿತು.

ಮೈಕ್ರೋಸ್ಕೋಪಿನಲ್ಲಿ ಅವಳು ನೋಡಿದ ಮೇಲೆ ನಾನು ತಡೆಯಲಾರದೆ, "ಮೇ ಐ?" ಎಂದು ಕೇಳಿದೆ. ನಕ್ಕು ಜಾಗ ಬಿಟ್ಟಳು. ಮೊದಲು ನನ್ನ ರೆಪ್ಪೆಗಳೇ ಕಂಡವು. ಆಮೇಲೆ ಒಂದು ತಿಳಿ ಗುಲಾಬಿ ಲೋಕ. ಅದರಲ್ಲಿ ಹೊಟ್ಟೆಯೊಳಗೆ ನೇರಳೆ ಚೂರುಗಳಿರುವ ದೊಡ್ಡ ದೊಡ್ಡ ಕಣಗಳು, ಅವುಗಳ ಸುತ್ತಲೂ ಒಳಗೂ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಚುಕ್ಕಿಗಳ ಗುಂಪು. "ದೊಡ್ಡವು ಬಿಳಿ ರಕ್ತಕಣ, ಪಾಂಡುವಿನ ಸಿಪಾಯಿಗಳು," ಅಂದಳು ಡಾಕ್ಟರಮ್ಮ. "ಚುಕ್ಕಿಗಳು ಬ್ಯಾಕ್ಟೀರಿಯಾ. ಸಿಪಾಯಿಗಳು ನುಂಗಿದಾರೆ, ಕಾಣ್ತಾ?" ಕಂಡಿತು. ಮೇಜಿನ ಮೇಲೆ ಬಾಲ ಆಡಿಸುತ್ತಾ ಮಲಗಿರುವವನ ಮೈಯೊಳಗೆ ಇಷ್ಟು ದೊಡ್ಡ ಯುದ್ಧ! ನಾನು ಕಣ್ಣು ತೆಗೆಯದೆ ಹೋದದ್ದಕ್ಕೆ ಮಂಜಪ್ಪ ಕೆಮ್ಮಿ, "ಅಮ್ಮಾ, ಉಳಿದೋರಿಗೂ ಇರ್ಲಿ" ಅಂದ. ಅವನೂ ನೋಡಿದ. ಬಹಳ ಹೊತ್ತು ನೋಡಿದ.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ಈ ಬ್ಯಾಕ್ಟೀರಿಯಾ ನಾಯಿಯ ಚರ್ಮದ ಮೇಲೆ ಯಾವಾಗಲೂ ಇರುವಂಥದೇ. ಚಿಗಟ ಕಚ್ಚಿ ಕೆರೆದುಕೊಂಡೋ, ಅಲರ್ಜಿಯಾಗಿಯೋ, ಥಂಡಿಯಲ್ಲಿ ಮೈ ಒಣಗದೆಯೋ ಚರ್ಮ ಸಡಿಲವಾದಾಗ ಒಳಗೆ ನುಗ್ಗುತ್ತದೆ. ಮೊದಲು ಕೆಂಪು ಬೊಕ್ಕೆ, ಆಮೇಲೆ ಕೀವಿನ ಗುಳ್ಳೆ. ಗುಳ್ಳೆ ಒಡೆದು ಅಂಚು ಸುಲಿಯುತ್ತಾ ಹರಡಿದರೆ ಉಂಗುರ. "ಈ ಅಂಚಿಗೆ ನಾವು ಕಾಲರೆಟ್ ಅಂತೀವಿ" ಎಂದಳು. ನನಗೆ ಸಿಸ್ಟರ್ ಹೆಣೆಯುತ್ತಿದ್ದ ಲೇಸಿನ ಪುಟ್ಟ ಕಾಲರುಗಳು ನೆನಪಾದವು. "ಎಲ್ಲರೂ ಗುಳ್ಳೆ ಬಿಟ್ಟು ಉಂಗುರ ನೋಡಿ ರಿಂಗ್‌ವರ್ಮ್ ಅಂತಾರೆ."

"ಎಲ್ಲರೂ ಅಲ್ಲ ಡಾಕ್ಟ್ರೇ," ಅಂದ ಮಂಜಪ್ಪ ಸೂರು ನೋಡುತ್ತಾ, "ಓದಿದೋರು ಮಾತ್ರ."

ಒಮ್ಮೊಮ್ಮೆ ನಿಜವಾಗಿಯೂ ರಿಂಗ್‌ವರ್ಮ್ ಇರುತ್ತದಂತೆ, ಹುಳದ ಕಜ್ಜಿಯೂ ಇರುತ್ತದಂತೆ. ಬರಿಗಣ್ಣಿಗೆ ಎಲ್ಲವೂ ಅಣ್ಣತಮ್ಮಂದಿರ ಹಾಗೇ ಕಾಣುತ್ತವಂತೆ. ಅದಕ್ಕೇ ಗಾಜಿನ ಪಟ್ಟಿ, ಅದಕ್ಕೇ ಕೂದಲಿನ ಪರೀಕ್ಷೆ. ಕೂದಲಿನಲ್ಲಿ ಫಂಗಸ್ ಕಾಣಲಿಲ್ಲ.

"ಅಂಟುತ್ತಾ?" ಎಂದೆ. ಕೇಳುವಾಗ ಸೀತಕ್ಕನ ಸೌಟು ಕಣ್ಮುಂದೆ ಬಂತು.

"ಸಾಧಾರಣವಾಗಿ ಇಲ್ಲ. ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ, ಅಷ್ಟೆ."

"ಮೈಲುತುತ್ತ ಹಚ್ಚಿದ್ರೆ?" ಎಂದು ಮಂಜಪ್ಪ ಮೆಲ್ಲಗೆ ಕೇಳಿದ.

ಅವಳು ಪೆನ್ನು ನಿಲ್ಲಿಸಿದಳು. "ನಾಯಿ ನೆಕ್ಕಲ್ವಾ? ಹೊಟ್ಟೆಗೆ ಹೋದ್ರೆ ವಿಷ ಅದು. ಹಚ್ಚಿದೀರಾ?"

"ಇಲ್ಲ ಇಲ್ಲ," ಅಂದ ಮಂಜಪ್ಪ. ಅವನ ಕೈ ಪಾಂಡುವಿನ ಕುತ್ತಿಗೆಯ ಮೇಲೆ ಹೋಗಿ ಅಲ್ಲೇ ಕೂತಿತು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿಯಿತ್ತು.

ಔಷಧಿಯ ಶಾಂಪೂ ಬಂತು. ನೊರೆ ಮಾಡಿ ಹತ್ತು ನಿಮಿಷ ಗಡಿಯಾರ ನೋಡಿಯೇ ಬಿಡಬೇಕು, ತೊಳೆದು ಮೈ ಪೂರಾ ಒಣಗಿಸಬೇಕು. ಜೊತೆಗೆ ಮಾತ್ರೆ, ಚಿಗಟಕ್ಕೆ ಬೇರೆ ಮದ್ದು. ವಾಸಿಯಾದ ಹಾಗೆ ಕಂಡಿತೆಂದು ಮಾತ್ರೆ ನಿಲ್ಲಿಸಬಾರದು, ಅವರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಸೀತಕ್ಕ ವರದಿ ಕೇಳಿ, "ಅಂಟಲ್ಲ ಅಂದ್ರಾ? ಬರ್ದು ಕೊಟ್ಟಿದಾರಾ?" ಅಂದಳು. ಚೀಟಿಯಲ್ಲಿ ಹಾಗೆ ಬರೆದಿರಲಿಲ್ಲ. ಇಲ್ಲ ಎಂದೆ. ನಾನು ಇಲ್ಲ ಎಂದದ್ದರಿಂದಲೇ ಅವಳಿಗೆ ನಂಬಿಕೆ ಬಂತೆಂದು ಕಾಣುತ್ತದೆ. ಆದರೂ ವಾಸಿಯಾಗುವ ತನಕ ಪಾಂಡು ಹಿತ್ತಲ ಬಾಗಿಲಲ್ಲೇ ಇರಬೇಕೆಂದು ತೀರ್ಪಾಯಿತು. ಹತ್ತು ನಿಮಿಷದ ಸ್ನಾನಕ್ಕೆ ಗಡಿಯಾರ ಹಿಡಿದು ನಿಲ್ಲುವ ಕೆಲಸ ನನ್ನದು. ಮಾತ್ರೆಯನ್ನು ರೊಟ್ಟಿಯ ಚೂರಿನಲ್ಲಿ ಮಡಚಿ ಕೊಡುವ ಕೆಲಸವನ್ನು ಯಾರೂ ಹೇಳದೆ ಸೀತಕ್ಕನೇ ತೆಗೆದುಕೊಂಡಳು. "ಇವ್ರ ಕೈಲಿ ಕೊಟ್ರೆ ಮಾತ್ರೆ ಉಗಿದು ರೊಟ್ಟಿ ತಿಂತಾನೆ" ಎಂಬುದು ಕಾರಣ. ನಾನು ದಿನಾ ಕನ್ನಡಿ ಹಿಡಿದು ನೋಡುತ್ತಿದ್ದೆ. ಗುಳ್ಳೆ ಒಣಗಿತು, ಸಿಪ್ಪೆ ಉದುರಿತು, ಉಂಗುರಗಳು ಮಾಸಿದ ಚಹಾ ಕಲೆಗಳಾದವು, ಕಲೆಯ ಮೇಲೆ ಬಿಳಿ ನವಿರು ಕೂದಲು ಬಂತು.

ಮಾತ್ರೆ ಮುಗಿಯುವ ಮುಂಚೆ ತೋರಿಸಲು ಮತ್ತೆ ಹೋದೆವು. ಡಾಕ್ಟರಮ್ಮ ನೋಡಿ, ಚೆನ್ನಾಗಿದೆ, ಇನ್ನೊಂದು ವಾರ ಕೊಟ್ಟು ನಿಲ್ಲಿಸಿ ಎಂದಳು. ಮಂಜಪ್ಪ ಪಾಂಡುವನ್ನು ಇಳಿಸುತ್ತಿದ್ದಾಗ ನಾನು ಕೇಳಿಯೇಬಿಟ್ಟೆ. ತುಂಬಾ ಹಿಂದೆ ಒಂದು ನಾಯಿ ಇತ್ತು, ಇಂಥವೇ ಉಂಗುರ, ಅದಕ್ಕೂ ಇದೇ ಆಗಿತ್ತಾ?

ಅವಳು ನನ್ನ ಮುಖ ನೋಡಿದಳು. ಬೇಕಾಗಿದ್ದ ಉತ್ತರ ಯಾವುದೆಂದು ನನಗೇ ತಿಳಿದಿರಲಿಲ್ಲ. ಹೌದು ಅಂದರೆ ಪಾಪ್ಲಿಯನ್ನು ಸುಮ್ಮಸುಮ್ಮನೆ ಕಳಿಸಿದೆವು. ಅಲ್ಲ ಅಂದರೆ ನಾನು ಹೇಳಿದ್ದು ಸರಿಯಾಗಿತ್ತು, ಆದರೂ ಪಾಪ್ಲಿ ಹೋಯಿತು.

"ನೋಡದೆ ಹೇಳೋಕಾಗಲ್ಲಮ್ಮ," ಅಂದಳು.

ಹನ್ನೊಂದು ವರ್ಷದ ಹುಡುಗಿ ಪುಸ್ತಕ ಎದೆಗೆ ಹಿಡಿದು ಅಂಗಡಿಯಲ್ಲಿ ನಿಂತು ಅಷ್ಟು ಹೇಳಿದ್ದರೆ ಸಾಕಿತ್ತು.

ಆಟೋದಲ್ಲಿ ಮಂಜಪ್ಪ ಯಾವ ನಾಯಿ ಅದು ಎಂದು ಕೇಳಿದ. ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಲಾರಿ, ಚೀಲ, ಹೊಸನಗರದ ಆಚೆಯ ಹೊಳೆ, ಎಲ್ಲಾ. ಅವನು ಪಾಂಡುವಿನ ಕಿವಿ ತೀಡುತ್ತಾ ಕೇಳಿದ.

"ನಮ್ಮೂರು ಅದೇ ಹೊಳೆ ಆಚೇದು ಅಮ್ಮ," ಅಂದ. "ನಾ ಸಣ್ಣೋನಿದ್ದಾಗ ಹಂಗೆ ತಂದು ಬಿಟ್ಟ ನಾಯಿ ಬೇಕಾದಷ್ಟು ಬರ್ತಿದ್ವು. ಅಪ್ಪ ಬಯ್ತಿದ್ದ, ಅವ್ವಿ ಗಂಜಿ ಹೊಯ್ತಿದ್ಲು. ನಮ್ಮನೇಲೂ ಒಂದು ನಿಂತಿತ್ತು. ನನ್ನ ಜೊತೇಲೆ ಮಲಗ್ತಿತ್ತು."

"ಬಿಳೀದಾ?" ಎಂದೆ. "ಒಂದು ಕಿವಿ ಕಂದು?"

ಮಂಜಪ್ಪ ಯೋಚಿಸಿದ. ಆಟೋ ಎರಡು ತಿರುವು ದಾಟಿತು. ಹೌದು ಎನ್ನಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ಅವನ ಮುಖದಲ್ಲೇ ಕಾಣುತ್ತಿತ್ತು, ಅದಕ್ಕೆ ಭೂತಗನ್ನಡಿ ಬೇಕಿರಲಿಲ್ಲ.

"ಗೊತ್ತಿಲ್ಲಮ್ಮ," ಅಂದ ಕೊನೆಗೆ.

ನಾನು ಅವನ ನೀಲಿ ಮಾಸಿದ ಉಗುರಿನ ಕೈಯನ್ನು ಹಿಡಿದುಕೊಂಡೆ. ಪಾಂಡು ಇಬ್ಬರ ಮಡಿಲ ಮೇಲೂ ಅಡ್ಡ ಮಲಗಿ, ಮನೆ ಬರುವವರೆಗೆ ಹೊಟ್ಟೆ ತೋರಿಸಿಕೊಂಡೇ ಇದ್ದ.